ಮಾಹಿತಿ ನೀತಿಯ ಮಾದರಿಗಳು: ಯಾವುದನ್ನು ಆಯ್ದುಕೊಳ್ಳಬೇಕು, ಯಾವ ಆಧಾರದ ಮೇಲೆ

ಬರೆದಿಟ್ಟ ಮಾಹಿತಿ ನೀತಿ ಇಲ್ಲದ ದೇಶದಲ್ಲೂ ಮಾಹಿತಿಯ ಬಗ್ಗೆ ತೀರ್ಮಾನಗಳು ದಿನವೂ ಆಗುತ್ತಲೇ ಇರುತ್ತವೆ. ಕಡತವನ್ನು ಯಾರಿಗೆ ತೋರಿಸಬೇಕೆಂದು ಅದನ್ನು ಇಟ್ಟುಕೊಂಡಿರುವ ಅಧಿಕಾರಿ ತೀರ್ಮಾನಿಸುತ್ತಾರೆ. ರೋಗಿಯ ಪರೀಕ್ಷಾ ವರದಿ ಯಾರ ಕೈಗೆ ಹೋಗಬಹುದೆಂದು ಪ್ರಯೋಗಾಲಯ ತೀರ್ಮಾನಿಸುತ್ತದೆ. ಯಾವ ಬರಹ ಉಳಿಯಬೇಕು, ಯಾವುದು ಅಳಿಯಬೇಕೆಂದು ಜಾಲತಾಣದ ಒಡೆತನವಿರುವ ಕಂಪನಿ ತೀರ್ಮಾನಿಸುತ್ತದೆ. ಆದರೆ ಆ ತೀರ್ಮಾನ ತಪ್ಪೆನಿಸಿದವರಿಗೆ ಅದನ್ನು ಪ್ರಶ್ನಿಸುವ ದಾರಿ ಇರುವುದಿಲ್ಲ. ಸರ್ಕಾರ, ಬ್ಯಾಂಕು, ಆಸ್ಪತ್ರೆ, ಶಾಲೆ ಎಲ್ಲವೂ ದಾಖಲೆಯ ಮೇಲೆಯೇ ನಡೆಯುವ ಆಧುನಿಕ ಸಮಾಜದಲ್ಲಿ ಒಬ್ಬರಿಗೆ ಸಾಲವೋ ಚಿಕಿತ್ಸೆಯೋ ಪಿಂಚಣಿಯೋ ಸಿಗುವುದು, ಸಿಗದೆ ಹೋಗುವುದು ಅವರ ಬಗ್ಗೆ ಎಲ್ಲೋ ದಾಖಲಾಗಿರುವ ವಿವರಗಳನ್ನು ಅವಲಂಬಿಸಿರುತ್ತದೆ. ಆದ್ದರಿಂದಲೇ ಆ ದಾರಿಯನ್ನು ಕಾನೂನಿನ ಮೂಲಕ ತೆರೆಯಬೇಕಾಗುತ್ತದೆ.

ನೀತಿ ಬೇಕೆಂದು ಒಪ್ಪಿದ ಮೇಲೆ ಆಯ್ಕೆಯ ಪ್ರಶ್ನೆ ಬರುತ್ತದೆ. ಕರಡು ಮಸೂದೆಯೊಂದಕ್ಕೆ ಅಭಿಪ್ರಾಯ ಬರೆಯಲು ಕುಳಿತ ನಾಗರಿಕರಾಗಲಿ, ಸಂಸ್ಥೆಯೊಂದರ ನಿಯಮಾವಳಿಯನ್ನು ರೂಪಿಸುವ ಸಮಿತಿಯವರಾಗಲಿ ಸಾಮಾನ್ಯವಾಗಿ ಪಾರದರ್ಶಕತೆ, ಗೋಪ್ಯತೆ, ಭದ್ರತೆ ಎಂಬ ದೊಡ್ಡ ಮಾತುಗಳ ನಡುವೆ ಸಿಕ್ಕಿಕೊಳ್ಳುತ್ತಾರೆ. ಈ ಮಾತುಗಳು ಎಲ್ಲ ಮಸೂದೆಗಳ ಪೀಠಿಕೆಯಲ್ಲೂ ಇರುತ್ತವೆಯಾದ್ದರಿಂದ ಅವುಗಳನ್ನು ನೋಡಿ ಒಂದು ಮಾದರಿಗಿಂತ ಇನ್ನೊಂದು ಮೇಲೆಂದು ಹೇಳುವುದು ಸಾಧ್ಯವಿಲ್ಲ. ಮಾದರಿಗಳನ್ನು ಬೇರ್ಪಡಿಸುವುದು ಮೂರು ಸಣ್ಣ ಪ್ರಶ್ನೆಗಳು: ಕಾರಣ ಕೊಡುವ ಹೊಣೆ ಯಾರದು, ಎಷ್ಟು ದಿನದೊಳಗೆ ಕೊಡಬೇಕು, ಕೊಡದೆ ಸುಮ್ಮನಿದ್ದರೆ ನಷ್ಟ ಯಾರಿಗೆ. ಮುಂದಿನ ಹೋಲಿಕೆಗಳಲ್ಲೆಲ್ಲ ನಾನು ಈ ಪ್ರಶ್ನೆಗಳನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ.

ಕೇಳಿದಾಗ ಕೊಡುವುದು, ಕೇಳುವ ಮೊದಲೇ ಪ್ರಕಟಿಸುವುದು

ಸರ್ಕಾರದ ದಾಖಲೆಗಳನ್ನು ಜನರು ನೋಡಬಹುದು ಎಂಬ ತತ್ವಕ್ಕೆ ಮೊದಲು ಕಾನೂನಿನ ರೂಪ ಕೊಟ್ಟದ್ದು ಸ್ವೀಡನ್. 1766ರ ಅದರ ಮುದ್ರಣ ಸ್ವಾತಂತ್ರ್ಯ ಕಾಯ್ದೆಯಲ್ಲಿ ಅಧಿಕೃತ ಕಾಗದಪತ್ರಗಳನ್ನು ನೋಡುವ ಮತ್ತು ಮುದ್ರಿಸುವ ಅವಕಾಶವಿತ್ತು. ಅಮೆರಿಕದ ಮಾಹಿತಿ ಸ್ವಾತಂತ್ರ್ಯ ಕಾಯ್ದೆಗೆ ಅಂಕಿತ ಬಿದ್ದದ್ದು ಅದಾಗಿ ಸರಿಯಾಗಿ ಇನ್ನೂರು ವರ್ಷಗಳ ಮೇಲೆ, 1966ರಲ್ಲಿ. ಬ್ರಿಟನ್ 2000ದಲ್ಲಿ ಕಾಯ್ದೆ ಮಾಡಿ 2005ರ ಜನವರಿಯಿಂದ ಪೂರ್ಣವಾಗಿ ಜಾರಿಗೆ ತಂದರೆ, ಭಾರತದ ಮಾಹಿತಿ ಹಕ್ಕು ಕಾಯ್ದೆ ಅದೇ 2005ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಹೆಸರುಗಳು ಒಂದೇ ಬಗೆಯವಾದರೂ ಇವುಗಳ ಒಳರಚನೆ ಬೇರೆ ಬೇರೆ.

ಒಂದು ಸೇತುವೆಯ ಗುಣಮಟ್ಟ ಪರಿಶೀಲನಾ ವರದಿಯ ಪ್ರತಿ ಬೇಕೆಂದು ಒಬ್ಬರು ಅರ್ಜಿ ಹಾಕಿದ್ದಾರೆಂದು ಇಟ್ಟುಕೊಳ್ಳೋಣ. ದುರ್ಬಲ ಕಾನೂನಿನಡಿ ಅವರಿಗೆ ಎದುರಾಗುವ ಮೊದಲ ಪ್ರಶ್ನೆಯೇ ‘ನಿಮಗೇಕೆ ಬೇಕು?’ ಎಂಬುದು. ತಾನು ಗುತ್ತಿಗೆದಾರನಲ್ಲ, ಬಾಧಿತನೂ ಅಲ್ಲ, ಆ ಸೇತುವೆಯ ಮೇಲೆ ಓಡಾಡುವವನಷ್ಟೇ ಎಂದು ಅರ್ಜಿದಾರರು ಉತ್ತರಿಸಿದ ಕೂಡಲೇ ಕಡತ ಮುಚ್ಚಿಹೋಗುತ್ತದೆ. ಬಲವಾದ ಕಾನೂನಿನಡಿ ಆ ಪ್ರಶ್ನೆಯನ್ನೇ ಕೇಳುವಂತಿಲ್ಲ. ಸ್ವೀಡನ್‌ನಲ್ಲಿ ಗೋಪ್ಯತೆಯ ಪರಿಶೀಲನೆಗೆ ತೀರಾ ಅಗತ್ಯವಾದ ಹೊರತು ಅರ್ಜಿದಾರರು ಯಾರು, ಉದ್ದೇಶವೇನು ಎಂದು ಅಧಿಕಾರಿ ವಿಚಾರಿಸುವಂತಿಲ್ಲ. ಭಾರತದ ಕಾಯ್ದೆಯೂ ಅರ್ಜಿಗೆ ಕಾರಣ ಕೊಡಬೇಕಾಗಿಲ್ಲವೆಂದು ಸ್ಪಷ್ಟವಾಗಿಯೇ ಹೇಳುತ್ತದೆ. ಎರಡನೆಯ ಹಂತ ಕಾಲಮಿತಿ. ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಸಾಮಾನ್ಯವಾಗಿ 20 ಕೆಲಸದ ದಿನಗಳು, ಭಾರತದಲ್ಲಿ 30 ದಿನಗಳು. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ ಭಾರತದಲ್ಲಿ 48 ಗಂಟೆಗಳು. ಗಡುವನ್ನು ಬರೆದಿಡುವುದಕ್ಕಿಂತ ಅದು ಮೀರಿದಾಗ ಏನಾಗುತ್ತದೆಂದು ಬರೆದಿಡುವುದು ಮುಖ್ಯ. ಭಾರತದ ಕಾಯ್ದೆಯ ಪ್ರಕಾರ ಗಡುವಿನೊಳಗೆ ಉತ್ತರಿಸದಿದ್ದರೆ ಅದನ್ನು ನಿರಾಕರಣೆಯೆಂದೇ ಭಾವಿಸಿ ಮೇಲ್ಮನವಿಗೆ ಹೋಗಬಹುದು, ತಡವಾಗಿ ಕೊಟ್ಟ ಮಾಹಿತಿಗೆ ಶುಲ್ಕ ಪಡೆಯುವಂತಿಲ್ಲ, ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿವರೆಗೆ ದಂಡ ಹಾಕಬಹುದು. ಮೌನಕ್ಕೆ ಬೆಲೆ ಕಟ್ಟುವ ಈ ಕಲಮುಗಳು ಇಲ್ಲದಿದ್ದರೆ 30 ದಿನಗಳ ಗಡುವು ಬರಿಯ ಸಲಹೆಯಾಗಿ ಉಳಿಯುತ್ತದೆ.

ಇನ್ನು ವಿನಾಯಿತಿಗಳು. ಇಲ್ಲಿ ಎರಡು ಮಾದರಿಗಳಿವೆ. ಮೊದಲನೆಯದರಲ್ಲಿ ದಾಖಲೆಯ ವರ್ಗವನ್ನು ನೋಡಿಯೇ ನಿರಾಕರಿಸಲಾಗುತ್ತದೆ: ‘ತಾಂತ್ರಿಕ ವರದಿ’, ‘ಆಂತರಿಕ ಟಿಪ್ಪಣಿ’ ಎಂಬ ಹಣೆಪಟ್ಟಿ ಇದ್ದರೆ ಸಾಕು. ಎರಡನೆಯದರಲ್ಲಿ ಈ ದಾಖಲೆಯನ್ನು ಬಹಿರಂಗಪಡಿಸಿದರೆ ಯಾವ ಹಾನಿ ಆಗುತ್ತದೆಂದು ಸಂಸ್ಥೆಯೇ ತೋರಿಸಬೇಕು. ಅಮೆರಿಕದ ಕಾಯ್ದೆಯಲ್ಲಿ ಒಂಬತ್ತು ವಿನಾಯಿತಿಗಳಿದ್ದವು, ಈಗಲೂ ಇವೆ. ಆದರೆ 2016ರ ತಿದ್ದುಪಡಿಯ ನಂತರ ವಿನಾಯಿತಿಯ ವರ್ಗಕ್ಕೆ ಸೇರುತ್ತದೆ ಎಂದಷ್ಟೇ ಹೇಳಿ ತಡೆಹಿಡಿಯುವಂತಿಲ್ಲ, ಬಹಿರಂಗಪಡಿಸುವುದರಿಂದ ಆಗಬಹುದಾದ ಹಾನಿಯನ್ನು ಸಂಸ್ಥೆ ಸಕಾರಣವಾಗಿ ಊಹಿಸಬಲ್ಲದಾಗಿರಬೇಕು. ನಮ್ಮ ಸೇತುವೆಯ ವರದಿಯಲ್ಲಿ ಒಬ್ಬ ಮಾಹಿತಿದಾರನ ಹೆಸರು ಇದ್ದರೆ ಆ ಸಾಲಿಗಷ್ಟೇ ಮಸಿ ಬಳಿದು ಉಳಿದ ಪುಟಗಳನ್ನು ಕೊಡಬೇಕು; ಒಂದು ಸಾಲಿನ ನೆಪದಲ್ಲಿ ಇಡೀ ವರದಿಯನ್ನು ತಡೆಯುವ ಅವಕಾಶವನ್ನು ಯಾವ ಕರಡಿನಲ್ಲೂ ಬಿಡಬಾರದು. ಎರಡರಲ್ಲಿ ಒಂದನ್ನು ಆರಿಸಬೇಕಾದಾಗ ವಿನಾಯಿತಿಗಳ ಪಟ್ಟಿ ಉದ್ದವಿದ್ದರೂ ಹಾನಿಯ ಪರೀಕ್ಷೆ ಇರುವ ಕಾನೂನನ್ನು, ಪಟ್ಟಿ ಚಿಕ್ಕದಾಗಿದ್ದು ಆ ಪರೀಕ್ಷೆ ಇಲ್ಲದ ಕಾನೂನಿಗಿಂತ ಮೇಲೆಂದು ನಾನು ಎಣಿಸುತ್ತೇನೆ.

ಅರ್ಜಿಯ ಗೊಡವೆಯೇ ಬೇಡ, ಎಲ್ಲವನ್ನೂ ಸಂಸ್ಥೆಯೇ ಮುಂದಾಗಿ ಪ್ರಕಟಿಸಲಿ ಎನ್ನುವವರಿದ್ದಾರೆ. ಈ ವಾದದಲ್ಲಿ ಹುರುಳಿದೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳನ್ನು ಮೊದಲು ಹಣಕ್ಕೆ ಮಾರಲಾಗುತ್ತಿತ್ತು. ಒಂದೊಂದು ಚಿತ್ರಕ್ಕೆ ನೂರಾರು ಡಾಲರ್ ತೆರಬೇಕಾಗಿದ್ದರಿಂದ ವರ್ಷಕ್ಕೆ ಸಾವಿರಗಳ ಲೆಕ್ಕದಲ್ಲಷ್ಟೇ ಅವು ಖರ್ಚಾಗುತ್ತಿದ್ದವು. 2008ರಲ್ಲಿ ಇಡೀ ಸಂಗ್ರಹವನ್ನು ಉಚಿತವಾಗಿ ತೆರೆದ ಮೇಲೆ ಬಳಕೆ ಲಕ್ಷಗಳನ್ನು ದಾಟಿತು, ಕಾಡಿನ ನಾಶವನ್ನೂ ಬೆಳೆಯ ಸ್ಥಿತಿಯನ್ನೂ ದಶಕಗಳ ಉದ್ದಕ್ಕೆ ಅಳೆಯುವ ಸಂಶೋಧನೆ ಸಾಧ್ಯವಾಯಿತು. ಯಾವ ಅರ್ಜಿದಾರರೂ ಅಷ್ಟು ಚಿತ್ರಗಳನ್ನು ಒಂದೊಂದಾಗಿ ಕೇಳುತ್ತಿರಲಿಲ್ಲ. ಹವಾಮಾನ, ಭೂಪಟ, ಆಯವ್ಯಯ, ಸಾರಿಗೆ ವೇಳಾಪಟ್ಟಿಯಂತಹ ವ್ಯಕ್ತಿಗಳ ಗುರುತಿಲ್ಲದ ಮಾಹಿತಿಗೆ ಮುಂದಾಗಿ ಪ್ರಕಟಿಸುವ ಮಾದರಿಯೇ ಸರಿ. ಆದರೆ ಅದೊಂದನ್ನೇ ನೆಚ್ಚಿಕೊಳ್ಳುವುದು ಅಪಾಯಕರ, ಏಕೆಂದರೆ ಏನನ್ನು ಪ್ರಕಟಿಸಬೇಕೆಂಬ ತೀರ್ಮಾನ ಸಂಸ್ಥೆಯ ಕೈಯಲ್ಲೇ ಉಳಿಯುತ್ತದೆ. ಅಂದವಾದ ನಕ್ಷೆಗಳಿಂದ ತುಂಬಿದ ದತ್ತಾಂಶ ಜಾಲತಾಣವೊಂದರಲ್ಲಿ ಆ ಸೇತುವೆಯ ವರದಿ ಮಾತ್ರ ಎಂದಿಗೂ ಕಾಣಿಸಿಕೊಳ್ಳದೆ ಇರಬಹುದು. ಭಾರತದ ಕಾಯ್ದೆ ತನ್ನ 4ನೇ ಕಲಮಿನಲ್ಲಿ ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ಪ್ರಕಟಿಸಲೇಬೇಕಾದ 17 ಬಾಬುಗಳನ್ನು ಪಟ್ಟಿಮಾಡಿ, ಅದರ ಜೊತೆಗೆ ಅರ್ಜಿಯ ಹಕ್ಕನ್ನೂ ಉಳಿಸಿಕೊಂಡಿರುವುದು ಈ ಕಾರಣಕ್ಕೆ ಸರಿಯಾದ ಜೋಡಣೆ.

ವೈಯಕ್ತಿಕ ಮಾಹಿತಿಗೆ ಒಂದೇ ಕಾನೂನೋ, ಕ್ಷೇತ್ರಕ್ಕೊಂದು ಕಾನೂನೋ

ಜರ್ಮನಿಯ ಹೆಸ್ಸೆ ರಾಜ್ಯ 1970ರಲ್ಲಿ ದತ್ತಾಂಶ ರಕ್ಷಣೆಯ ಮೊದಲ ಕಾನೂನನ್ನು ಮಾಡಿದಾಗ ಕಂಪ್ಯೂಟರುಗಳು ಸರ್ಕಾರಗಳ ಮತ್ತು ದೊಡ್ಡ ಸಂಸ್ಥೆಗಳ ಸೊತ್ತಾಗಿದ್ದವು. ಅಲ್ಲಿಂದ ಬೆಳೆದ ಯುರೋಪಿನ ದಾರಿ 2016ರಲ್ಲಿ ಅಂಗೀಕಾರವಾಗಿ 2018ರ ಮೇ 25ರಿಂದ ಅನ್ವಯಿಸಿದ ಸಾಮಾನ್ಯ ದತ್ತಾಂಶ ರಕ್ಷಣಾ ನಿಯಮಾವಳಿಗೆ ಬಂದು ಮುಟ್ಟಿದೆ. ಆಸ್ಪತ್ರೆಯಾಗಲಿ ಅಂಗಡಿಯಾಗಲಿ ಆ್ಯಪ್ ಆಗಲಿ, ವ್ಯಕ್ತಿಯ ಗುರುತು ಹಿಡಿಯಬಲ್ಲ ಮಾಹಿತಿಯನ್ನು ಬಳಸುವವರೆಲ್ಲರಿಗೂ ಒಂದೇ ನಿಯಮ ಎಂಬುದು ಈ ಮಾದರಿಯ ತಿರುಳು. ಅಮೆರಿಕದ ದಾರಿ ಬೇರೆ. ಅಲ್ಲಿ ಆರೋಗ್ಯ ಮಾಹಿತಿಗೆ 1996ರ ಕಾಯ್ದೆ, 13 ವರ್ಷದೊಳಗಿನ ಮಕ್ಕಳ ಆನ್‌ಲೈನ್ ಮಾಹಿತಿಗೆ 1998ರ ಕಾಯ್ದೆ, ಹಣಕಾಸು ಸಂಸ್ಥೆಗಳಿಗೆ 1999ರ ಕಾಯ್ದೆ, ಇವಲ್ಲದೆ ಕ್ಯಾಲಿಫೋರ್ನಿಯಾದಂತಹ ರಾಜ್ಯಗಳ ಸ್ವಂತ ಕಾಯ್ದೆಗಳು.

ಕ್ಷೇತ್ರಕ್ಕೊಂದು ಕಾನೂನು ಮಾಡುವ ಪದ್ಧತಿ ಹೇಗೆ ಬೆಳೆಯುತ್ತದೆಂಬುದಕ್ಕೆ ಒಂದು ಸ್ವಾರಸ್ಯಕರ ಉದಾಹರಣೆ ಇದೆ. 1987ರಲ್ಲಿ ರಾಬರ್ಟ್ ಬೋರ್ಕ್ ಎಂಬ ನ್ಯಾಯಾಧೀಶರನ್ನು ಅಮೆರಿಕದ ಸುಪ್ರೀಂ ಕೋರ್ಟಿಗೆ ನಾಮನಿರ್ದೇಶನ ಮಾಡಿದಾಗ ಅವರ ಮನೆಯವರು ಬಾಡಿಗೆಗೆ ತಂದಿದ್ದ ವಿಡಿಯೊ ಕ್ಯಾಸೆಟ್ಟುಗಳ ಪಟ್ಟಿಯನ್ನು ಪತ್ರಿಕೆಯೊಂದು ಪ್ರಕಟಿಸಿತು. ಪಟ್ಟಿಯಲ್ಲಿ ಮುಜುಗರಪಡುವಂಥದ್ದೇನೂ ಇರಲಿಲ್ಲ. ಆದರೂ ತಮ್ಮ ಪಟ್ಟಿಗಳೂ ಹೊರಬಂದಾವೆಂದು ಹೊಳೆದ ಶಾಸಕರು 1988ರಲ್ಲೇ ವಿಡಿಯೊ ಬಾಡಿಗೆಯ ದಾಖಲೆಗಳನ್ನು ರಕ್ಷಿಸುವ ಕಾಯ್ದೆ ತಂದರು. ಕಾಯ್ದೆ ಬೇಗ ಬಂತು, ಗುರಿ ಸ್ಪಷ್ಟವಾಗಿತ್ತು, ಪಾಲಿಸುವವರಿಗೂ ಅರ್ಥವಾಗುವಂತಿತ್ತು. ಈ ಪದ್ಧತಿಯ ಗುಣಗಳೆಲ್ಲ ಅಲ್ಲಿವೆ, ದೋಷವೂ ಅಲ್ಲೇ ಇದೆ: ಹಗರಣ ಆದ ಕಡೆ ಮಾತ್ರ ರಕ್ಷಣೆ ಬರುತ್ತದೆ. ವೈದ್ಯರ ಬಳಿ ಇರುವ ಹೃದಯ ಬಡಿತದ ದಾಖಲೆಗೆ ಅಮೆರಿಕದ ಆರೋಗ್ಯ ಕಾಯ್ದೆ ಅನ್ವಯಿಸಿದರೆ, ಅದೇ ವ್ಯಕ್ತಿಯ ಮಣಿಕಟ್ಟಿನ ಸಾಧನದಿಂದ ಕಂಪನಿಗೆ ನೇರವಾಗಿ ಹೋಗುವ ಅದೇ ಬಡಿತಕ್ಕೆ ಸಾಮಾನ್ಯವಾಗಿ ಅದು ಅನ್ವಯಿಸುವುದಿಲ್ಲ.

ಸಮಗ್ರ ಕಾನೂನಿನಲ್ಲಿ ಹೊಣೆಯ ಭಾರ ಬೇರೆ ಕಡೆ ಬೀಳುತ್ತದೆ. ಯುರೋಪಿನ ನಿಯಮಾವಳಿಯಲ್ಲಿ ಮಾಹಿತಿ ಬಳಸುವವರೇ ಆರು ಕಾನೂನುಬದ್ಧ ಆಧಾರಗಳಲ್ಲಿ ಒಂದನ್ನು ತೋರಿಸಬೇಕು. ಸಮ್ಮತಿ ಪಡೆದಿದ್ದೇವೆಂದರೆ ಪಡೆದದ್ದಕ್ಕೆ ಸಾಕ್ಷ್ಯ ಕೊಡಬೇಕು. ಸೋರಿಕೆಯಾದರೆ, ಅಪಾಯದ ಸಾಧ್ಯತೆ ಇಲ್ಲದ ಪ್ರಸಂಗಗಳನ್ನು ಬಿಟ್ಟು, ತಿಳಿದ 72 ಗಂಟೆಗಳೊಳಗೆ ಪ್ರಾಧಿಕಾರಕ್ಕೆ ತಿಳಿಸಬೇಕು. ಗಂಭೀರ ಉಲ್ಲಂಘನೆಗೆ ದಂಡ 2 ಕೋಟಿ ಯೂರೊ ಅಥವಾ ಜಾಗತಿಕ ವಹಿವಾಟಿನ ಶೇಕಡಾ 4, ಎರಡರಲ್ಲಿ ಹೆಚ್ಚಿನದ್ದರವರೆಗೆ ಹೋಗಬಹುದು. ಆದರೂ ಇದರ ಯಶಸ್ಸನ್ನು ಹಿಗ್ಗಿಸಿ ಹೇಳಬಾರದು. ಬಳಕೆದಾರರ ಜಾಡು ಹಿಡಿಯಬಲ್ಲ ಸಣ್ಣ ಕಡತಗಳಾದ ಕುಕೀಗಳಿಗೆ ಒಪ್ಪಿಗೆ ಕೇಳಿ ಪರದೆಯ ಮೇಲೆ ಮೂಡುವ ಸೂಚನೆಯನ್ನೇ ನೋಡಿ: ‘ಒಪ್ಪುತ್ತೇನೆ’ ಎಂಬ ಗುಂಡಿ ದೊಡ್ಡದಾಗಿ, ಬಣ್ಣದಲ್ಲಿ, ಹೆಬ್ಬೆರಳಿಗೆ ಸಿಗುವಂತೆ ಇರುತ್ತದೆ, ನಿರಾಕರಿಸಬೇಕೆಂದರೆ ‘ಆಯ್ಕೆಗಳು’ ಎಂಬ ಬೂದು ಅಕ್ಷರಗಳನ್ನು ಒತ್ತಿ, ಇನ್ನೊಂದು ಪುಟ ತೆರೆದು, ಒಂದೊಂದೇ ಗುರುತನ್ನು ತೆಗೆದು, ಕೊನೆಗೆ ಉಳಿಸಬೇಕು. ಇಂತಹುದೇ ವಿನ್ಯಾಸಕ್ಕಾಗಿ ಫ್ರಾನ್ಸಿನ ದತ್ತಾಂಶ ಪ್ರಾಧಿಕಾರ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೊ, ಫೇಸ್‌ಬುಕ್‌ಗೆ 6 ಕೋಟಿ ಯೂರೊ ದಂಡ ಪ್ರಕಟಿಸಿತು. ಒಪ್ಪುವಷ್ಟೇ ಸುಲಭವಾಗಿ ನಿರಾಕರಿಸಲೂ ಆಗಬೇಕೆಂಬುದು ಅದರ ನಿಲುವು. ಸಮ್ಮತಿಯನ್ನೇ ಮುಖ್ಯ ಆಧಾರವಾಗಿಸಿದ ಕರಡನ್ನು ಕಂಡರೆ ನಾನು ಸಂಶಯದಿಂದಲೇ ಓದುತ್ತೇನೆ. ಸಮ್ಮತಿ ಕೇಳುವ ನೆಪದಲ್ಲಿ ಕಂಪನಿಯ ಹೊಣೆ ದಣಿದ ಬಳಕೆದಾರರ ಬೆರಳಿಗೆ ವರ್ಗವಾಗುತ್ತದೆ. ಯಾವ ಉದ್ದೇಶಕ್ಕೆ ಎಷ್ಟು ಮಾಹಿತಿ, ಎಷ್ಟು ಕಾಲ ಎಂಬ ಮಿತಿಯನ್ನು ಸಮ್ಮತಿ ಇದ್ದರೂ ಮೀರುವಂತಿಲ್ಲ ಎನ್ನುವ ಕರಡು ಅದಕ್ಕಿಂತ ಮೇಲು.

ಸರ್ಕಾರವೂ ಆ ಕಾನೂನಿನ ಅಡಿಗೆ ಬರುತ್ತದೆಯೇ ಎಂದು ಪ್ರತ್ಯೇಕವಾಗಿ ನೋಡಬೇಕು. ಯುರೋಪಿನಲ್ಲಿ ಭದ್ರತೆ ಮುಂತಾದ ಕಾರಣಗಳಿಗೆ ಹಕ್ಕುಗಳನ್ನು ಮೊಟಕುಗೊಳಿಸಬಹುದಾದರೂ ಅದನ್ನು ಕಾನೂನಿನ ಮೂಲಕವೇ, ಅಗತ್ಯ ಇರುವಷ್ಟೇ ಮಾಡಬೇಕೆಂಬ ಷರತ್ತು ಇದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸಾರ್ವಭೌಮತೆ, ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯಂತಹ ಕಾರಣಗಳ ಮೇಲೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ತನ್ನ ಅಂಗಸಂಸ್ಥೆಗಳನ್ನು ಕಾಯ್ದೆಯಿಂದ ಹೊರಗಿಡಬಹುದು. ಅಧಿಸೂಚನೆಗೆ ಸಂಸತ್ತಿನ ಚರ್ಚೆ ಮೊದಲೇ ನಡೆಯಬೇಕಾಗಿಲ್ಲ. ನನ್ನ ಆಯ್ಕೆ ಮೊದಲನೆಯ ಮಾದರಿಯ ಕಡೆಗೇ.

ಎರಡು ಹಕ್ಕುಗಳು ಎದುರುಬದುರಾದಾಗ

ಮಾಹಿತಿ ಪಡೆಯುವ ಹಕ್ಕನ್ನೂ ಖಾಸಗಿತನದ ಹಕ್ಕನ್ನೂ ಬೇರೆ ಬೇರೆ ಕಾಯ್ದೆಗಳಲ್ಲಿ ಬರೆದಾಗ ಅವು ಮುಖಾಮುಖಿಯಾಗುವ ಜಾಗವನ್ನು ಯಾರೂ ಗಮನಿಸದೆ ಹೋಗುತ್ತಾರೆ. ಭಾರತದ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮು ಮೊದಲು ಹೀಗಿತ್ತು: ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ಅಥವಾ ಖಾಸಗಿತನದ ಮೇಲೆ ಅನಗತ್ಯವಾಗಿ ಅತಿಕ್ರಮಿಸುವ ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಬಹುದು, ವ್ಯಾಪಕ ಸಾರ್ವಜನಿಕ ಹಿತ ಇದ್ದರೆ ಕೊಡಬೇಕು. 2023ರ ದತ್ತಾಂಶ ಕಾಯ್ದೆ ಈ ಕಲಮಿಗೆ ತಿದ್ದುಪಡಿ ತಂದು, ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದು ಎಂಬಷ್ಟನ್ನೇ ಉಳಿಸಿತು. ಸಾರ್ವಜನಿಕ ಹಿತ ಹಾನಿಗಿಂತ ಹೆಚ್ಚಾಗಿದ್ದರೆ ಬಹಿರಂಗಪಡಿಸಬಹುದೆಂಬ 8(2) ಕಲಮು ಮುಂಚಿನಂತೆಯೇ ಇದೆ, ಆದ್ದರಿಂದ ಬಾಗಿಲು ಪೂರ್ತಿ ಮುಚ್ಚಿಲ್ಲ ಎನ್ನುವ ಸಮರ್ಥನೆಯನ್ನು ತಳ್ಳಿಹಾಕುವಂತಿಲ್ಲ. ಆದರೂ ಮೊದಲು ‘ಇದು ಖಾಸಗಿ ಬದುಕಿಗೆ ಸೇರಿದ್ದು’ ಎಂದು ಅಧಿಕಾರಿ ತೋರಿಸಬೇಕಾಗಿದ್ದ ಕಡೆ ಈಗ ಕಾಗದದಲ್ಲಿ ಒಬ್ಬರ ಹೆಸರಿದ್ದರೂ ನಿರಾಕರಿಸಲು ಆಧಾರ ಸಿಗುತ್ತದೆ. ಸಾರ್ವಜನಿಕ ಹಿತವನ್ನು ಮೇಲ್ಮನವಿಯವರೆಗೂ ಹೊತ್ತುಕೊಂಡು ಹೋಗಬೇಕಾದವರು ಅರ್ಜಿದಾರರು. ಸೇತುವೆಯ ವರದಿಗೆ ಸಹಿ ಹಾಕಿದ ಎಂಜಿನಿಯರ್ ಹೆಸರು ಯಾವ ಬಗೆಯ ಮಾಹಿತಿ ಎಂದು ಕೇಳಿಕೊಂಡರೆ ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಹೊಸ ನೀತಿ ರೂಪಿಸುವವರು ಎರಡೂ ಕಾಯ್ದೆಗಳನ್ನು ಒಟ್ಟಿಗೆ ಬರೆಯುವುದು ಒಳ್ಳೆಯದು. ಅದು ಆಗದಿದ್ದರೆ, ಅಧಿಕಾರ ಸ್ಥಾನದಲ್ಲಿ ಮಾಡಿದ ಕೆಲಸ ಖಾಸಗಿ ಮಾಹಿತಿಯಲ್ಲ ಎಂದು ಎರಡರಲ್ಲೂ ಬರೆಯಬೇಕು.

ವೇದಿಕೆಗಳ ಹೊಣೆ

ಬಳಕೆದಾರರು ಬರೆದದ್ದಕ್ಕೆ ಸಾಮಾಜಿಕ ಜಾಲತಾಣಗಳು ಎಷ್ಟು ಹೊಣೆ ಎಂಬ ವಿಷಯದಲ್ಲಿ ಮೂರು ಮಾದರಿಗಳು ಕಣ್ಣಮುಂದಿವೆ. ಅಮೆರಿಕದ 1996ರ ಕಾಯ್ದೆಯ 230ನೇ ಕಲಮು ಇತರರ ಬರಹಕ್ಕೆ ವೇದಿಕೆಯನ್ನು ಪ್ರಕಾಶಕರಂತೆ ಕಾಣಬಾರದೆಂದು ಹೇಳಿ ವಿಶಾಲ ರಕ್ಷಣೆ ಕೊಟ್ಟಿತು. ಜರ್ಮನಿ 2017ರ ಕಾಯ್ದೆಯಲ್ಲಿ ವಿರುದ್ಧ ದಿಕ್ಕು ಹಿಡಿದು, ಮೇಲ್ನೋಟಕ್ಕೇ ಕಾನೂನುಬಾಹಿರವಾದ ಬರಹವನ್ನು ದೂರು ಬಂದ 24 ಗಂಟೆಗಳೊಳಗೆ ತೆಗೆಯಬೇಕೆಂದೂ ವ್ಯವಸ್ಥಿತವಾಗಿ ತಪ್ಪಿದರೆ 5 ಕೋಟಿ ಯೂರೊವರೆಗೆ ದಂಡವೆಂದೂ ವಿಧಿಸಿತು. 2022ರಲ್ಲಿ ಬಂದ ಯುರೋಪಿನ ಡಿಜಿಟಲ್ ಸೇವಾ ಕಾಯ್ದೆ ಇವೆರಡರ ಮಧ್ಯದ ದಾರಿ ಹಿಡಿದಿದೆ; ಬರಹವನ್ನು ತೆಗೆದರೆ ಬರೆದವರಿಗೆ ಕಾರಣ ತಿಳಿಸಬೇಕು, ಅವರಿಗೆ ಮರುಪರಿಶೀಲನೆಯ ಅವಕಾಶ ಇರಬೇಕು, ತಿಂಗಳಿಗೆ 4.5 ಕೋಟಿಗೂ ಹೆಚ್ಚು ಬಳಕೆದಾರರಿರುವ ವೇದಿಕೆಗಳು ತಮ್ಮಿಂದಾಗುವ ಅಪಾಯಗಳನ್ನು ತಾವೇ ಅಂದಾಜಿಸಿ ಲೆಕ್ಕಪರಿಶೋಧನೆಗೆ ಒಡ್ಡಬೇಕು. ಜರ್ಮನಿಯ ಕಾಯ್ದೆಯ ಬಹುಭಾಗ ಈಗ ಇದರೊಳಗೆ ಲೀನವಾಗಿದೆ.

ಗಡುವು ಮತ್ತು ದಂಡದ ಮಾದರಿ ಓದಲು ದಿಟ್ಟವಾಗಿ ಕಂಡರೂ ಅದರಲ್ಲಿ ಒಂದು ಓರೆ ಇದೆ. ತೆಗೆಯದಿದ್ದರೆ ದಂಡ, ತಪ್ಪಾಗಿ ತೆಗೆದರೆ ಏನೂ ಇಲ್ಲ ಎಂದಾದಾಗ ಸಂಶಯ ಬಂದದ್ದನ್ನೆಲ್ಲ ತೆಗೆಯುವುದೇ ಕಂಪನಿಗೆ ಅಗ್ಗ. ಅದಕ್ಕಾಗಿ, ಕರಡಿನಲ್ಲಿ ತೆಗೆಯುವ ಗಡುವಿನ ಪಕ್ಕದಲ್ಲೇ ಮರಳಿ ಹಾಕುವ ಗಡುವು ಇದೆಯೇ ಎಂದು ಹುಡುಕಬೇಕು. ಇಲ್ಲದಿದ್ದರೆ ಆ ಕರಡಿಗಿಂತ ವಿಶಾಲ ರಕ್ಷಣೆಯ ಹಳೆಯ ಮಾದರಿಯೇ ಕಡಿಮೆ ಹಾನಿಕರ.

ಗಡಿ ಮತ್ತು ಹಕ್ಕುಸ್ವಾಮ್ಯ

ದತ್ತಾಂಶ ದೇಶದ ಗಡಿ ದಾಟಬಹುದೇ ಎಂಬ ಪ್ರಶ್ನೆಗೆ ಮುಕ್ತ ಹರಿವು, ಷರತ್ತಿನ ಹರಿವು, ಒಳಗೇ ಇರಿಸುವಿಕೆ ಎಂಬ ಉತ್ತರಗಳಿವೆ. ಷರತ್ತಿನ ಮಾದರಿ ಎಷ್ಟು ಅಸ್ಥಿರವಾಗಬಹುದೆಂಬುದನ್ನು ಯುರೋಪ್ ಮತ್ತು ಅಮೆರಿಕದ ನಡುವಿನ ಒಪ್ಪಂದಗಳೇ ತೋರಿಸುತ್ತವೆ. ಯುರೋಪಿನ ನ್ಯಾಯಾಲಯ 2015ರಲ್ಲಿ ಒಂದನ್ನು, 2020ರಲ್ಲಿ ಇನ್ನೊಂದನ್ನು ರದ್ದುಮಾಡಿತು, 2023ರಲ್ಲಿ ಮೂರನೆಯದು ಬಂತು. ಪಾವತಿ ವ್ಯವಸ್ಥೆಯಂತಹ ಒಂದೆರಡು ಕ್ಷೇತ್ರಗಳಿಗೆ, 2018ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ಮಾಡಿದಂತೆ, ಸಂಗ್ರಹ ದೇಶದೊಳಗೇ ಇರಬೇಕೆನ್ನುವುದಕ್ಕೆ ತನಿಖೆಯ ದೃಷ್ಟಿಯಿಂದ ಸಮರ್ಥನೆ ಇರಬಹುದು. ಎಲ್ಲ ಮಾಹಿತಿಗೂ ಅದನ್ನು ವಿಸ್ತರಿಸಿದರೆ ಲಾಭ ಹೆಚ್ಚಾಗಿ ಜನರ ಮೇಲೆ ಕಣ್ಣಿಡುವವರಿಗೇ.

ಹಕ್ಕುಸ್ವಾಮ್ಯದಲ್ಲಿ ಅವಧಿಯ ಆಯ್ಕೆ ಬಹುಮಟ್ಟಿಗೆ ಕೈತಪ್ಪಿಹೋಗಿದೆ. ಇಂಗ್ಲೆಂಡಿನ 1710ರ ಕಾಯ್ದೆ ಹೊಸ ಪುಸ್ತಕಗಳಿಗೆ 14 ವರ್ಷ, ಲೇಖಕರು ಬದುಕಿದ್ದರೆ ಇನ್ನೂ 14 ವರ್ಷ ಕೊಟ್ಟಿತ್ತು. ಈಗ ಬರ್ನ್ ಒಪ್ಪಂದದ ಪ್ರಕಾರ ಕನಿಷ್ಠವೇ ಲೇಖಕರ ಮರಣಾನಂತರ 50 ವರ್ಷ. ಭಾರತದಲ್ಲಿ ಅದು 60, ಯುರೋಪ್ ಮತ್ತು ಅಮೆರಿಕಗಳಲ್ಲಿ 70. ಆಯ್ಕೆ ಉಳಿದಿರುವುದು ವಿನಾಯಿತಿಗಳಲ್ಲಿ: ನಾಲ್ಕು ಅಂಶಗಳನ್ನು ತೂಗಿ ನ್ಯಾಯಾಲಯ ತೀರ್ಮಾನಿಸುವ ಅಮೆರಿಕದ ಸಡಿಲ ಮಾದರಿಯೋ, ಅನುಮತಿಸಿದ ಬಳಕೆಗಳನ್ನು ಪಟ್ಟಿಮಾಡುವ ಮಾದರಿಯೋ. ವಕೀಲರ ಖರ್ಚು ಭರಿಸಲಾಗದ ಗ್ರಂಥಾಲಯಕ್ಕೂ ಶಿಕ್ಷಕರಿಗೂ ಪಟ್ಟಿಯೇ ಹೆಚ್ಚು ಆಸರೆ. ದೃಷ್ಟಿಹೀನರಿಗಾಗಿ ಪ್ರತಿಗಳನ್ನು ಸಿದ್ಧಪಡಿಸಲು 2013ರ ಮರಾಕೇಶ್ ಒಪ್ಪಂದ ಕೊಟ್ಟ ಅವಕಾಶ ಅಂತಹ ಸ್ಪಷ್ಟ ವಿನಾಯಿತಿಗೆ ಒಳ್ಳೆಯ ನಿದರ್ಶನ.

ಜಾರಿ ಮಾಡುವವರು, ಮತ್ತು ದಾಖಲೆ

ಕಲಮುಗಳು ಎಷ್ಟೇ ಚೆನ್ನಾಗಿದ್ದರೂ ಮೇಲ್ಮನವಿ ಹೋಗಬೇಕಾದ ಬಾಗಿಲು ಯಾವುದು ಎಂಬುದು ಉಳಿಯುತ್ತದೆ. ಸ್ವೀಡನ್‌ನಂತೆ ನೇರವಾಗಿ ಆಡಳಿತ ನ್ಯಾಯಾಲಯಕ್ಕೆ ಕಳಿಸಬಹುದು, ಸ್ವತಂತ್ರ ಆಯೋಗ ರಚಿಸಬಹುದು, ಇಲ್ಲವೇ ಸಚಿವಾಲಯದೊಳಗೇ ಒಂದು ಘಟಕ ಇಡಬಹುದು. ಕಡ್ಡಾಯ ಆದೇಶ ಹೊರಡಿಸಬಲ್ಲ ಸ್ವತಂತ್ರ ಆಯೋಗಕ್ಕೆ ಮೆಕ್ಸಿಕೊದ ಸಂಸ್ಥೆಯನ್ನು ಬಹುಕಾಲ ಮಾದರಿಯೆಂದು ತೋರಿಸಲಾಗುತ್ತಿತ್ತು. 2024ರ ಕೊನೆಯಲ್ಲಿ ಸಂವಿಧಾನವನ್ನೇ ತಿದ್ದಿ ಅದನ್ನು ರದ್ದುಪಡಿಸಿ, ಅದರ ಕೆಲಸವನ್ನು ಸರ್ಕಾರದ ಇಲಾಖೆಗೆ ವಹಿಸಲಾಯಿತು. ಮಾಹಿತಿ ಕೊಡದ ಸರ್ಕಾರದ ವಿರುದ್ಧ ಸರ್ಕಾರದ ಬಳಿಗೇ ಹೋಗಬೇಕಾದ ವ್ಯವಸ್ಥೆಯನ್ನು, ಅದು ಎಷ್ಟೇ ಅಗ್ಗವೆಂದು ತೋರಿಸಿದರೂ, ಒಪ್ಪಬಾರದು. ನ್ಯಾಯಾಲಯಗಳಲ್ಲಿ ಪ್ರಕರಣಗಳು ವರ್ಷಗಟ್ಟಲೆ ಬಾಕಿ ಉಳಿಯುವ ದೇಶಕ್ಕೆ ಆಯೋಗವೇ ಸೂಕ್ತ, ಆದರೆ ಸದಸ್ಯರ ಹುದ್ದೆ ಖಾಲಿ ಬಿದ್ದರೆ ಇಷ್ಟು ದಿನದೊಳಗೆ ತುಂಬಬೇಕೆಂಬ ನಿಯಮವೂ ಅದರ ಜೊತೆಗಿರಬೇಕು. ನೇಮಕ ಮಾಡದೆ ಬಿಡುವುದು ಆಯೋಗವನ್ನು ಸದ್ದಿಲ್ಲದೆ ಮುಚ್ಚುವ ವಿಧಾನ.

ಸಂಪನ್ಮೂಲ ಕಡಿಮೆಯಿದ್ದು ಇವುಗಳಲ್ಲಿ ಒಂದರಿಂದಲೇ ಶುರುಮಾಡಬೇಕಾದವರಿಗೆ, ಹೆಚ್ಚಿನ ಕರಡುಗಳು ಕೊನೆಯ ಅಧ್ಯಾಯಕ್ಕೆ ತಳ್ಳುವ ದಾಖಲೆ ನಿರ್ವಹಣೆಯಿಂದ ಶುರುಮಾಡಿ ಎನ್ನುತ್ತೇನೆ. ಸ್ಕಾಟ್ಲೆಂಡ್‌ನಲ್ಲಿ ಮಕ್ಕಳ ವಸತಿಗೃಹಗಳಲ್ಲಿ ನಡೆದ ದೌರ್ಜನ್ಯಗಳ ಬಗ್ಗೆ 2007ರಲ್ಲಿ ಬಂದ ಪರಿಶೀಲನಾ ವರದಿಯ ಹೊತ್ತಿಗೆ ಅಲ್ಲಿ ಮಾಹಿತಿ ಸ್ವಾತಂತ್ರ್ಯದ ಕಾಯ್ದೆಯೂ ಇತ್ತು, ದತ್ತಾಂಶ ರಕ್ಷಣೆಯ ಕಾಯ್ದೆಯೂ ಇತ್ತು. ಆ ಗೃಹಗಳಲ್ಲಿ ಬೆಳೆದವರು ತಮ್ಮ ಬಾಲ್ಯದ ಕಾಗದಗಳನ್ನು ಕೇಳಿದಾಗ ಹಲವರ ಪಾಲಿಗೆ ಕೊಡಲು ಕಾಗದವೇ ಇರಲಿಲ್ಲ. ಕಳೆದುಹೋಗಿದ್ದವು, ನಾಶವಾಗಿದ್ದವು ಅಥವಾ ಎಲ್ಲಿವೆಯೆಂದು ಯಾರಿಗೂ ತಿಳಿದಿರಲಿಲ್ಲ. ಅದರ ಪರಿಣಾಮವಾಗಿ ಬಂದ 2011ರ ಸಾರ್ವಜನಿಕ ದಾಖಲೆಗಳ ಕಾಯ್ದೆ, ಹೆಸರಿಸಿದ ಪ್ರತಿಯೊಂದು ಸಂಸ್ಥೆಯೂ ಯಾವ ದಾಖಲೆಯನ್ನು ಹೇಗೆ ಕಾಪಾಡುತ್ತದೆ, ಯಾವಾಗ ವಿಲೇವಾರಿ ಮಾಡುತ್ತದೆ ಎಂಬ ಯೋಜನೆಯನ್ನು ಬರೆದು ದಾಖಲೆಗಳ ಪಾಲಕರ ಒಪ್ಪಿಗೆಗೆ ಸಲ್ಲಿಸಬೇಕೆಂದು ವಿಧಿಸಿತು. ಸರ್ಕಾರದ ಪರವಾಗಿ ಕೆಲಸ ಮಾಡುವ ಗುತ್ತಿಗೆ ಸಂಸ್ಥೆಗಳು ಸೃಷ್ಟಿಸುವ ದಾಖಲೆಗಳೂ ಆ ಯೋಜನೆಯೊಳಗೆ ಬರುತ್ತವೆ.